ವಾದ್ಯಗಳು ಕಡಿಮೆಯಾದಾಗ

ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು. ಆದರೆ ಹೊಳೆನರಸೀಪುರದಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ನಾನು ಹೆಚ್ಚಾಗಿ ಕೇಳುವುದು ಶಿಶುನಾಳ ಷರೀಫರ ಕನ್ನಡ ತತ್ವಪದಗಳನ್ನು.

ಈ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥ್ ನಮ್ಮ ಜಿಲ್ಲೆಯವರೇ. 1939ರಲ್ಲಿ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಂಗೀತ ನೀಡಿದವರೂ ಅವರೇ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಷರೀಫರ ಎರಡು ಪದಗಳನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿದರು. ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ರಾಕ್ ಶೈಲಿ ಬಂದರೂ ಮಾತು ಮುಚ್ಚಿಹೋಗಲಿಲ್ಲ.

ದೂರದ ಅಮೆರಿಕದಲ್ಲೂ ಇಂಥದೊಂದು ಬದಲಾವಣೆ ನಡೆದಿದೆ. 1970ರ ದಶಕದ ಕೊನೆಗೆ ‘ನ್ಯೂ ವೇವ್’ ಎಂಬ ರಾಕ್ ಬಂತು. ಅಲಂಕಾರ ಕಡಿಮೆ, ತಾಳ ಬಿಗಿ. ಪಿಯಾನೋ ಹಾಡುಗಳಿಗೆ ಹೆಸರಾಗಿದ್ದ ಬಿಲ್ಲಿ ಜೋಯಲ್ ತಾವೇ ಹಾಡು ಬರೆದು ಹಾಡುವವರು. 1980ರ ‘ಗ್ಲಾಸ್ ಹೌಸಸ್’ ಆಲ್ಬಂನಲ್ಲಿ ಅವರು ಗಿಟಾರನ್ನು ಮುಂದಕ್ಕೆ ತಂದರು. ಅದರ ಮುಖಪುಟದಲ್ಲಿ ಅವರು ಗಾಜಿನ ಮನೆಗೆ ಕಲ್ಲೆಸೆಯಲು ನಿಂತಿದ್ದಾರೆ. ಆ ಮನೆ ಅವರದೇ! ತನ್ನ ಹಳೆಯ ಹೆಸರಿನ ಮೇಲೆ ತಾನೇ ಕಲ್ಲೆಸೆಯುವ ಧೈರ್ಯ ಅದು ಎಂದು ನನಗನ್ನಿಸುತ್ತದೆ.

ಧೈರ್ಯದ ಮಾತು ಏಕೆಂದರೆ, ವಾದ್ಯಗಳು ಹೆಚ್ಚಿದ್ದಾಗ ಹಾಡುವವನು ಅವುಗಳ ಹಿಂದೆ ಅಡಗಬಹುದು. ಕ್ಯಾರಿಯೋಕೆ ಟ್ರ್ಯಾಕ್ ಜೋರಾಗಿದ್ದರೆ ನನ್ನ ‘ಳ’, ‘ಣ’ ಯಾರಿಗೂ ಕೇಳಿಸುವುದಿಲ್ಲ. ಬರೀ ಒಂದು ಗಿಟಾರ್ ಇದ್ದರೆ ಒಂದೊಂದು ಅಕ್ಷರವೂ ಬಯಲಿಗೆ ಬರುತ್ತದೆ. ಚಿಕ್ಕಂದಿನಲ್ಲಿ ನನ್ನ ಕನ್ನಡ ಕೇಳಿ ನಕ್ಕವರಿದ್ದಾರೆ. ಆ ನಗು ಇನ್ನೂ ಕಿವಿಯಲ್ಲಿದೆ.

ಆದರೆ ಷರೀಫರೂ ಮುಸ್ಲಿಂ ಮನೆಯಲ್ಲಿ ಹುಟ್ಟಿದವರು. ಗೋವಿಂದ ಭಟ್ಟರ ಶಿಷ್ಯರಾದರು. ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರು. ತಮ್ಮ ಊರಿನ ಆಡುಮಾತಿನಲ್ಲೇ ಪದ ಕಟ್ಟಿದರು. ಅವರು ‘ಮಾಳಿಗಿ’ ಎಂದದ್ದನ್ನು ಯಾರೂ ‘ಮಾಳಿಗೆ’ ಎಂದು ತಿದ್ದಲಿಲ್ಲ. ಅಶ್ವತ್ಥ್ ಹಾಗೆಯೇ ಹಾಡಿದರು, ರಘು ದೀಕ್ಷಿತರೂ ಹಾಗೆಯೇ ಹಾಡಿದರು. ಅದನ್ನು ಗಮನಿಸಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು.

ಈ ವರ್ಷದ ವಾರ್ಷಿಕೋತ್ಸವಕ್ಕೆ ನಾವು ಮೂವರು ಹಾಡಲು ಹೆಸರು ಕೊಟ್ಟಿದ್ದೇವೆ. ಅರಕಲಗೂಡಿನ ಗೆಳೆಯನದು ಗಿಟಾರ್, ಇನ್ನೊಬ್ಬನದು ಬೆಂಚಿನ ಮೇಲೆ ತಾಳ, ನನ್ನದು ದನಿ. ಟ್ರ್ಯಾಕ್ ಇರುವುದಿಲ್ಲ. ನನ್ನ ‘ಳ’ ಹೇಗಿದೆಯೋ ಹಾಗೆಯೇ ಕೇಳಿಸಲಿ. ನೀವೆಲ್ಲ ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.