ಸಾಗರವಿಲ್ಲದ ಊರಿನಲ್ಲಿ ಒಂದು ಆಸನ

“ಹನುಮಸಾಗರಕ್ಕೆ ಹೋಗಿ ಬಂದೆವು” ಎಂದೊಡನೆ ಬೆಂಗಳೂರಿನ ನಮ್ಮ ನೆರೆಹೊರೆಯವರು ಕೇಳಿದ ಮೊದಲ ಪ್ರಶ್ನೆ, “ಅಲ್ಲಿ ಸಮುದ್ರವಿದೆಯೆ?” ಎಂಬುದು. ಸಮುದ್ರವಿಲ್ಲ. ಮಳೆಗಾಗಿ ಆಕಾಶದತ್ತ ಮುಖವೆತ್ತಿ ನಿಲ್ಲುವ ಬಯಲುಸೀಮೆಯ ಊರು ಅದು. ಕೊಪ್ಪಳ ಜಿಲ್ಲೆಯ ಕುಷ್ಟಗಿಯಿಂದ ವಾಯವ್ಯಕ್ಕೆ ಇಪ್ಪತ್ತು ಕಿಲೋಮೀಟರಿಗೂ ತುಸು ಹೆಚ್ಚು ದೂರ. ಒಂದು ಮಗ್ಗುಲಿಗೆ ಸೀರೆಗೆ ಹೆಸರಾದ ಇಳಕಲ್ಲು, ಇನ್ನೊಂದು ಮಗ್ಗುಲಿಗೆ ಗಜೇಂದ್ರಗಡದ ಗುಡ್ಡಗಳು, ಪಶ್ಚಿಮಕ್ಕೆ ಸರಿದರೆ ಬಾದಾಮಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆ, ಏಕೀಕರಣದ ತರುವಾಯ ರಾಯಚೂರು ಜಿಲ್ಲೆಯ ಭಾಗವಾಗಿ ನಮ್ಮ ರಾಜ್ಯಕ್ಕೆ ಸೇರಿತು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು.

ನಾವು ಅಲ್ಲಿಗೆ ಹೋದದ್ದು ಸಮೀಪದ ಕಬ್ಬರಗಿಯ ಕಪಿಲತೀರ್ಥವನ್ನು ನೋಡಲು. ಒಳ್ಳೆಯ ಮಳೆಯಾದ ವರ್ಷಗಳಲ್ಲಷ್ಟೇ ಕಳೆಕಟ್ಟುವ ಜಲಪಾತವದು. ಹೋದದ್ದು ಮೋಟಾರ್ ಸೈಕಲ್ಲಿನ ಮೇಲೆ, ನಾನೂ ನನ್ನ ಸಹಧರ್ಮಿಣಿಯೂ. ಮಕ್ಕಳು ದೊಡ್ಡವರಾದ ಮೇಲೆ ನಾಡನ್ನು ಹೀಗೆಯೇ ಸುತ್ತಬೇಕೆಂಬುದು ನಮ್ಮಿಬ್ಬರ ಹಳೆಯ ಒಪ್ಪಂದ. ಆ ಒಪ್ಪಂದ ಮೊದಲ ಯಾತ್ರೆಯಲ್ಲಿಯೇ ಮುರಿದು ಬೀಳುವುದರಲ್ಲಿತ್ತು. ಅದು ಉಳಿದ ಬಗೆಯನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಹಾಸಿಗೆಯ ಮೇಲೆ ಸವಾರಿ

ಹೊರಡುವ ಮುನ್ನ ನಾನು ಮುಂದಾಲೋಚನೆ ಮಾಡದೆ ಇರಲಿಲ್ಲ. ದೂರದ ದಾರಿ, ನಡುವಯಸ್ಸು ದಾಟಿದ ಸೊಂಟ. ಆದ್ದರಿಂದ ನಗರದ ಅಂಗಡಿಯೊಂದರಲ್ಲಿ ಹಣ ಸುರಿದು ಆಸನಕ್ಕೆ ನಾಲ್ಕು ಬೆರಳು ದಪ್ಪದ ಮೆತ್ತನೆಯ ಫೋಮ್ ಹಾಕಿಸಿದ್ದೆ. ಅಂಗಡಿಯ ಮುಂದೆ ಕುಳಿತು ನೋಡಿದಾಗ ಸ್ವರ್ಗಕ್ಕೆ ಮೂರೇ ಗೇಣು ಎನಿಸಿತು.

ತುಮಕೂರಿನವರೆಗೆ ಆ ಸ್ವರ್ಗ ಉಳಿಯಿತು. ಶಿರಾ ದಾಟುವಷ್ಟರಲ್ಲಿ ತೊಡೆಗಳ ಹಿಂಭಾಗ ಮರಗಟ್ಟಿತು. ಹಿರಿಯೂರಿನಲ್ಲಿ ಇಳಿದಾಗ ಕಾಲುಗಳು ನನ್ನವೇ ಹೌದೆ ಎಂದು ಮುಟ್ಟಿ ನೋಡಿಕೊಂಡೆ. ಚಿತ್ರದುರ್ಗದಿಂದ ಉತ್ತರಕ್ಕೆ ತಿರುಗಿ ಹೊಸಪೇಟೆ ಮುಟ್ಟಿದಾಗ ಸಂಜೆಯಾಗಿತ್ತು. ತುಂಗಭದ್ರೆಯ ಅಣೆಕಟ್ಟನ್ನು ನೋಡೋಣವೆ ಎಂದು ಕೇಳಿದರೆ, “ಮಲಗಿಕೊಂಡು ಕಾಣುವಂತಿದ್ದರೆ ನೋಡೋಣ” ಎಂದಳು ನನ್ನಾಕೆ.

ಮರುದಿನ ಕುಷ್ಟಗಿಯಲ್ಲಿ ಹೆದ್ದಾರಿಯನ್ನು ಬಿಟ್ಟೆವು. ದಾರಿಯ ಇಕ್ಕೆಲಗಳಲ್ಲಿ ತೆನೆಗೂಡುತ್ತಿದ್ದ ಸಜ್ಜೆ, ತೊಗರಿಯ ಸಾಲು, ಅಲ್ಲಲ್ಲಿ ದಾಳಿಂಬೆಯ ತೋಟ, ರಸ್ತೆಯನ್ನೇ ತಮ್ಮದೆಂದು ತಿಳಿದು ಸಾಗುವ ಕುರಿಹಿಂಡುಗಳು. ನೋಡಲು ಎಷ್ಟೋ ಇತ್ತು. ನೋಡುವ ಮನಸ್ಸು ಮಾತ್ರ ಆಸನದ ಕೆಳಗೆ ಸಿಕ್ಕಿಕೊಂಡಿತ್ತು. ಹನುಮಸಾಗರದಲ್ಲಿ ಇಳಿದವಳೇ ಆಕೆ ಶಾಂತವಾಗಿ ಹೇಳಿದಳು: “ಜಲಪಾತವನ್ನು ನೋಡಿ ಬನ್ನಿ. ನಾನು ಬಸ್ಸಿನಲ್ಲಿ ಊರಿಗೆ ಹೋಗುತ್ತೇನೆ.” ಚೀಲದಿಂದ ಬಸ್ಸಿನ ಹಣವನ್ನು ಎಣಿಸಿ ಬೇರೆಯಾಗಿ ತೆಗೆದಿಟ್ಟಳು. ಕೋಪಿಸಿಕೊಂಡಿದ್ದರೆ ಸಮಾಧಾನ ಹೇಳಬಹುದಿತ್ತು. ಎಣಿಸಿಟ್ಟ ಹಣಕ್ಕೆ ಏನು ಹೇಳುವುದು?

“ಹಿಂದಿನವರಿಗೆ ಏನಿಟ್ಟೀರಿ?”

ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹದಂಗಡಿಯ ಪಕ್ಕದಲ್ಲಿಯೇ ಒಂದು ಸೀಟ್ ಕವರಿನ ಅಂಗಡಿ. ಟ್ರ್ಯಾಕ್ಟರಿನ ಆಸನಕ್ಕೆ ರೆಕ್ಸಿನ್ ಬಿಗಿಯುತ್ತಿದ್ದ ಹಿರಿಯರು ನಮ್ಮ ವಾಹನವನ್ನೂ, ನಾನು ನಿಂತ ಭಂಗಿಯನ್ನೂ ನೋಡಿ ಎದ್ದು ಬಂದರು. ಹೆಬ್ಬೆರಳಿನಿಂದ ಆಸನವನ್ನು ಒತ್ತಿದರು. ಬೆರಳು ತಳದ ತಗಡನ್ನು ಮುಟ್ಟಿತು.

“ಇದು ಸೀಟಲ್ರೀ ಸರ, ಗಾದಿ. ಗಾದಿ ಮ್ಯಾಲ ಮಲಗಬೇಕು. ಕುಂತ್ರ ತಳಾ ಹತ್ತತೈತಿ.”

ಬಳಿಕ ಹಿಂಬದಿಯ ಆಸನವನ್ನು ಒತ್ತಿ ನೋಡಿ, ನನ್ನ ಮುಖವನ್ನು ನೋಡದೆಯೇ ಕೇಳಿದರು: “ಎಲ್ಲಾ ಮುಂದ ಹಾಕ್ಸೀರಿ. ಹಿಂದ ಕುಂದ್ರೋ ಅಕ್ಕಾರಿಗೆ ಏನಿಟ್ಟೀರಿ?”

ಅಲ್ಲಿ ಇದ್ದದ್ದು ಒಂದು ಅಂಗುಲದ ಹಳೆಯ ಫೋಮ್, ಅದರ ಮೇಲೆ ಬಿಸಿಲಿಗೆ ಕಾದ ರೆಕ್ಸಿನ್. ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯುದ್ದಕ್ಕೂ ನನ್ನ ನೋವನ್ನಷ್ಟೇ ಲೆಕ್ಕ ಹಾಕಿದ್ದೆ. ಉತ್ತರಿಸಲು ಬಾಯಿ ಬರಲಿಲ್ಲ.

ಅವರು ತಮ್ಮ ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ. ನಾವು ಕುಳಿತಾಗ ದೇಹದ ಭಾರವನ್ನು ಹೊರಬೇಕಾದವು ಸೊಂಟದ ತಳದಲ್ಲಿರುವ ಎರಡು ಎಲುಬಿನ ಗುಬಟುಗಳು. ಆಸನ ಸಾಕಷ್ಟು ಗಟ್ಟಿಯಾಗಿದ್ದರೆ ಅವು ಅದರ ಮೇಲೆ ನಿಲ್ಲುತ್ತವೆ. ಅತಿ ಮೆತ್ತಗಿದ್ದರೆ ಹೂತು ಹೋಗುತ್ತವೆ. ಆಗ ಭಾರವೆಲ್ಲ ಸುತ್ತಲಿನ ಮಾಂಸದ ಮೇಲೂ ತೊಡೆಗಳ ಮೇಲೂ ಬಿದ್ದು, ರಕ್ತದ ಓಟಕ್ಕೆ ತಡೆಯಾಗಿ, ನರ ಒತ್ತಿ, ಕಾಲು ಜೋಮು ಹಿಡಿಯುತ್ತದೆ. ಅಂಗಡಿಯ ಮುಂದೆ ಐದು ನಿಮಿಷ ಸುಖವೆನಿಸುವ ಆಸನ ಐದು ಗಂಟೆಗಳ ದಾರಿಯಲ್ಲಿ ಶತ್ರುವಾಗುವುದು ಹೀಗೆ.

ಹಳೆಯ ತಯಾರಕರಿಗೆ ಇದು ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಹಿಂದಿನ ಕಾಲದ ಬುಲೆಟ್ಟುಗಳಲ್ಲಿ ಸವಾರನ ಬಿಡಿ ಆಸನದ ಕೆಳಗೆ ಸುರುಳಿ ಸ್ಪ್ರಿಂಗುಗಳಿದ್ದವು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರತೊಡಗಿದ ಜಾವಾ ವಾಹನಗಳಲ್ಲಿ ಇಬ್ಬರಿಗೂ ಸೇರಿ ಒಂದೇ ಉದ್ದನೆಯ ಆಸನ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ವಾಹನಗಳು ಮಾತ್ರ ನಮ್ಮ ಊರುಗಳಲ್ಲಿ ಇಂದಿಗೂ ಅಲ್ಲಲ್ಲಿ ಓಡುತ್ತಿವೆ. ಅಂಥವುಗಳ ಆಸನಕ್ಕೆ ತೆಂಗಿನ ನಾರು ತುಂಬಿ ಕೊಟ್ಟದ್ದುಂಟು ಎಂದರು ಹಿರಿಯರು. 1937ರಲ್ಲಿ ಜರ್ಮನಿಯ ಆಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರೆಥೇನನ್ನು ಕಂಡುಹಿಡಿದ ಮೇಲೆ, ಕ್ರಮೇಣ ಎಲ್ಲ ಆಸನಗಳೂ ಫೋಮಿನವಾದವು. ಆದರೆ ಫೋಮಿನಲ್ಲಿಯೂ ಗಟ್ಟಿಯದಿದೆ, ಸಡಿಲದ್ದಿದೆ. ಕೊಳ್ಳುವವರು ಕೇಳುವುದು ದಪ್ಪವನ್ನು, ಕೇಳಬೇಕಾದದ್ದು ಗಟ್ಟಿತನವನ್ನು.

ರಟ್ಟಿನ ಮೇಲೆ ಮೂಡಿದ ಲೆಕ್ಕ

ಕೆಲಸ ಆರಂಭವಾದದ್ದು ಅಳತೆಯಿಂದ. ಪೆಟ್ಟಿಗೆಯ ಏಣಿನ ರಟ್ಟಿನ ಎರಡು ತುಂಡು ತಂದು, ಗಟ್ಟಿ ಮಣೆಯ ಮೇಲೆ ಹಾಸಿ, ಒಂದರ ಮೇಲೆ ನನ್ನನ್ನು ಕೂರಿಸಿದರು. ಇನ್ನೊಂದನ್ನು ಹಿಡಿದು ಅವರ ಮನೆಯಾಕೆ “ಬರ್ರಿ ಅಕ್ಕಾ, ಒಳಗ ಬರ್ರಿ” ಎಂದು ನನ್ನಾಕೆಯನ್ನು ಕರೆದೊಯ್ದರು. ಎರಡು ನಿಮಿಷ ಕುಳಿತು ಎದ್ದರೆ ರಟ್ಟಿನಲ್ಲಿ ಎರಡು ತಗ್ಗುಗಳು ಮೂಡಿರುತ್ತವೆ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗ ಆಕೆಯ ಗುರುತುಗಳ ನಡುವಣ ಅಂತರ ನನ್ನದಕ್ಕಿಂತ ಹೆಚ್ಚಾಗಿತ್ತು. ಸಾಮಾನ್ಯವಾಗಿ ಸ್ತ್ರೀಯರಲ್ಲಿ ಈ ಎಲುಬುಗಳ ಅಂತರ ಹೆಚ್ಚು. ಹಿಂಬದಿಯ ಆಸನವೋ ಬಹುಪಾಲು ವಾಹನಗಳಲ್ಲಿ ಮುಂದಿನದಕ್ಕಿಂತ ಕಿರಿದು! ಅಗಲ ಬೇಕಾದವರಿಗೆ ಕಿರಿದು, ಕಿರಿದು ಸಾಕಾದವರಿಗೆ ಅಗಲ.

ಆಮೇಲೆ ನಾಲ್ಕು ಗಂಟೆಗಳ ಕೆಲಸ. ನಾನು ಹಾಕಿಸಿದ್ದ ಮೆತ್ತನೆಯ ಫೋಮನ್ನು ಹ್ಯಾಕ್ಸಾ ಬ್ಲೇಡಿನಿಂದ ಹೋಳು ಹೋಳಾಗಿ ಕೊಯ್ದು ತೆಗೆದರು. ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಫೋಮನ್ನು ಕೆಳಗಿಟ್ಟು, ಮೇಲೆ ಅರ್ಧ ಅಂಗುಲದಷ್ಟು ಮಾತ್ರ ಮೆದುವಾದದ್ದನ್ನು ಅಂಟಿಸಿದರು. ಟ್ಯಾಂಕಿನತ್ತ ಇಳಿಜಾರಾಗಿದ್ದುದನ್ನು ಸಮ ಮಾಡಿದರು. ಇಳಿಜಾರಿನಲ್ಲಿ ಸವಾರ ಮುಂದಕ್ಕೆ ಜಾರುತ್ತಾ, ಮತ್ತೆ ಹಿಂದಕ್ಕೆ ಸರಿಯುತ್ತಾ ದಣಿಯುತ್ತಾನೆ. ಬೆನ್ನೆಲುಬಿನ ತುದಿ ತಾಗುವಲ್ಲಿ ತೆಳುವಾದ ಕಾಲುವೆ ತೋಡಿದರು. ಹಿಂಬದಿಯ ಅಂಚುಗಳನ್ನು ತುಂಬಿ ಅಗಲಿಸಿದರು. ರೆಕ್ಸಿನ್ನಿನ ಹೊಲಿಗೆಯನ್ನು ಕುಳಿತುಕೊಳ್ಳುವ ಜಾಗದಿಂದ ಪಕ್ಕಕ್ಕೆ ಸರಿಸಿದರು. ಆಸನದ ಎತ್ತರ ಇಳಿದದ್ದರಿಂದ ನನ್ನ ಎರಡೂ ಪಾದಗಳು ನೆಲಕ್ಕೆ ಪೂರ್ತಿ ತಾಗಿದವು. ಅವರು ಕೇಳಿದ ಕೂಲಿ, ನಾನು ನಗರದಲ್ಲಿ ಸುರಿದು ಬಂದದ್ದರ ಕಾಲು ಭಾಗವೂ ಆಗಿರಲಿಲ್ಲ.

ಅಷ್ಟು ಹೊತ್ತಿನಲ್ಲಿ ಒಳಗೆ ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳ ಊಟ ನಡೆದಿತ್ತು. ಹಳೆಯ ಇಳಕಲ್ಲ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿಯ ಮೇಲೆ ನನ್ನಾಕೆ ಕುಳಿತಿದ್ದಳು. “ನಮ್ಮ ಮಂದಿ ಗಾಡಿ ಮ್ಯಾಲ ಕಂಬಳಿ ಹಾಸ್ಕೊಂಡು ಹೋಗ್ತಾರ್ರೀ ಅಕ್ಕಾ” ಎಂದರಂತೆ ಮನೆಯಾಕೆ. ಈ ಸೀಮೆಯ ಕುರುಬರು ತಮ್ಮ ಕುರಿಗಳ ಉಣ್ಣೆಯಿಂದ ನೇಯ್ದ ಕರಿಯ ಕಂಬಳಿಯದು. ಒರಟೆಂದು ನಾವು ಮೂಗು ಮುರಿಯುವ ಆ ಒರಟುತನವೇ ಅದರ ಗುಣ: ದೇಹಕ್ಕೂ ರೆಕ್ಸಿನ್ನಿಗೂ ನಡುವೆ ಗಾಳಿಗೆ ಎಡೆ ಕೊಡುತ್ತದೆ. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಅಮೆರಿಕದ ಐರನ್ ಬಟ್ ಎಂಬ ದೂರಸವಾರರ ಸಂಸ್ಥೆ, 24 ಗಂಟೆಗಳಲ್ಲಿ 1,000 ಮೈಲಿಗಳನ್ನು ಕ್ರಮಿಸಿದವರಿಗೆ ಪ್ರಮಾಣಪತ್ರ ಕೊಡುತ್ತದೆ. ಅಂಥ ಸವಾರರಲ್ಲಿ ಅನೇಕರು ಆಸನದ ಮೇಲೆ ಹಾಸುವುದೂ ಕುರಿಯ ತುಪ್ಪಳದ ಚರ್ಮವನ್ನೇ.

ನನ್ನಾಕೆ ಹೊರಗೆ ಬಂದು ಆಸನವನ್ನು ತಾನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬಳಿಕ ಪೇಟೆಗೆ ಹೋಗಿ, ಎಣಿಸಿಟ್ಟಿದ್ದ ಬಸ್ಸಿನ ಹಣದಿಂದ ಒಂದು ಕಂಬಳಿ ಕೊಂಡು ತಂದಳು. ಅದನ್ನು ಮಡಿಸಿ, ಜಾರದಂತೆ ಆಸನದ ಅಡಿಯಿಂದ ಹಗ್ಗ ತಂದು ಬಿಗಿದೆವು. ತುದಿ ಚೈನಿಗಾಗಲಿ ಸೈಲೆನ್ಸರಿಗಾಗಲಿ ತಾಗಬಾರದೆಂದು ಹಿರಿಯರು ಎರಡು ಸಲ ಎಚ್ಚರಿಸಿದರು. ಜೋರು ಮಳೆಯಲ್ಲಿ ಅದು ನೀರು ಕುಡಿದು ಭಾರವಾಗುತ್ತದೆ; ಆಗ ಬಿಚ್ಚಿ ಚೀಲಕ್ಕೆ ಸೇರಿಸುವುದೇ ಲೇಸು.

ಕಪಿಲತೀರ್ಥದಿಂದ ಮನೆಗೆ

ಕಪಿಲತೀರ್ಥವನ್ನು ಇಬ್ಬರೂ ಕೂಡಿಯೇ ನೋಡಿದೆವು. ಒಣಗುಡ್ಡಗಳ ಮಧ್ಯೆ, ಬಂಡೆಯ ಅಂಚಿನಿಂದ ಧಾರೆಯಾಗಿ ಇಳಿಯುವ ನೀರು. ಬಯಲುಸೀಮೆಯವರು ಅದರ ಕೆಳಗೆ ನಿಂತು ಕೂಗುವ ಸಂತೋಷದ ಕೂಗಿಗೆ ಮಲೆನಾಡಿನ ಯಾವ ಜಲಪಾತವೂ ಸಾಟಿಯಲ್ಲ. ಅಲ್ಲಿಂದ ಬಾದಾಮಿಗೆ ಹೋದೆವು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲನ್ನೂ ಕಂಡೆವು.

ಆಸನವೊಂದರಿಂದಲೇ ಎಲ್ಲವೂ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ದಪ್ಪ ಹೊಲಿಗೆಯ ಜೀನ್ಸನ್ನು ಬಿಟ್ಟೆ. ಇಬ್ಬರ ಭಾರಕ್ಕೆ ತಕ್ಕಂತೆ ಹಿಂಬದಿಯ ಸ್ಪ್ರಿಂಗನ್ನು ಒಂದು ಹಲ್ಲು ಬಿಗಿ ಮಾಡಿಸಿದೆ. ಹೊಂಡ ಬಂದಾಗ “ಹೊಂಡ” ಎಂದು ಮುಂಚಿತವಾಗಿ ಕೂಗತೊಡಗಿದೆ. ಹಿಂದೆ ಕುಳಿತವರಿಗೆ ರಸ್ತೆ ಕಾಣುವುದಿಲ್ಲವೆಂಬುದು ಮುಂದೆ ಕುಳಿತವರಿಗೆ ಎಂದೂ ಹೊಳೆಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ನಡೆಯುವುದೆಂದು ನಿಶ್ಚಯಿಸಿದೆವು. ಯಾವಾಗ ನಿಲ್ಲಿಸಬೇಕೆಂದು ಹೇಳುವ ಅಧಿಕಾರ ಹಿಂದಿನ ಆಸನದ್ದು.

ಮರಳುವಾಗ ಶಿರಾದ ಆಚೆ ಆಕೆ ನನ್ನ ಹೆಗಲನ್ನು ತಟ್ಟಿದಳು. ನಿಲ್ಲಿಸಿದೆ. “ನೋವೆ?” ಎಂದು ಕೇಳಿದೆ.

“ಸ್ವಲ್ಪ ಇದೆ” ಎಂದಳು. “ಆದರೆ ನಿಲ್ಲಿಸಿದ್ದು ಅದಕ್ಕಲ್ಲ. ಆ ಕಡೆ ನೋಡಿ, ಹೊತ್ತು ಮುಳುಗುತ್ತಿದೆ.”