ಚೆಂಬಿನ ಗಣಿತ, ಮುಟ್ಟಾಳೆಯ ಪಾಠ

ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಮಾಡುವುದು ಮಹಾನಗರದ ಸ್ಟುಡಿಯೋಗಳ ಕೆಲಸ, ಸವಣೂರಿನಂಥ ಅಡಿಕೆ ತೋಟದ ಊರಿಗೆ ಅದರ ಗೊಡವೆಯೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಅರ್ಧ ಉತ್ತರ ‘ಬ್ಲೆಂಡರ್’ ಎಂಬ ತಂತ್ರಾಂಶದಲ್ಲಿದೆ. ಅದನ್ನು ರೂಪಿಸಿದವರು ನೆದರ್‌ಲ್ಯಾಂಡ್ಸಿನ ಟಾನ್ ರೂಸೆಂಡಾಲ್. 2002ರಲ್ಲಿ ಅವರ ಕಂಪೆನಿ ಮುಚ್ಚಿದಾಗ ಬಳಕೆದಾರರು ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅಂದಿನಿಂದ ಅದು ಎಲ್ಲರಿಗೂ ಉಚಿತ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ಚಿತ್ರ ಸಿದ್ಧವಾದದ್ದು ಅದರಲ್ಲೇ.

ಉಳಿದರ್ಧ ಉತ್ತರ ಕಲಿಯುವವನ ಕಣ್ಣಿನಲ್ಲಿದೆ. 1975ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಟೀಪಾಟನ್ನು ಅಂಕೆಗಳಾಗಿ ಕಂಪ್ಯೂಟರಿಗೆ ಇಳಿಸಿದರು. ಈ ವಿದ್ಯೆಯಲ್ಲಿ ಅದಕ್ಕಿಂತ ಹೆಸರಾದ ಪಾತ್ರೆ ಬೇರೊಂದಿಲ್ಲ. ಸವಣೂರಿನ ಹುಡುಗನಿಗೆ ಅಡಿಗೆಮನೆಯ ಚೆಂಬು ಸಾಕು. ಚೆಂಬಿನ ಒಂದು ಬದಿಯ ಗೆರೆಯನ್ನಷ್ಟೇ ಬಿಂದುಗಳಲ್ಲಿ ಗುರುತಿಸಿ, ನಡುವಿನ ಅಕ್ಷದ ಸುತ್ತ 360 ಡಿಗ್ರಿ ತಿರುಗಿಸಿದರೆ ಇಡೀ ಚೆಂಬು ಎದ್ದು ನಿಲ್ಲುತ್ತದೆ. ಕುಂಬಾರನ ತಿಗರಿಯ ತತ್ತ್ವವೂ ಇದೇ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ನಿರ್ದೇಶಾಂಕಗಳಿಗೆ ಇಲ್ಲಿ ಹೊಟ್ಟೆ, ಕತ್ತು, ಬಾಯಿ ಬರುತ್ತವೆ. ‘ಚಿತ್ರ ಬಿಡು, ಗಣಿತ ಓದು’ ಎಂದು ಗದರಿಸುವ ಮನೆಯವರು ಇದನ್ನೊಮ್ಮೆ ನೋಡಬೇಕು.

ಬೆಳಕಿನ ಪಾಠ ಇನ್ನೂ ಕಷ್ಟದ್ದು. ಹೊಸದಾಗಿ ಕಲಿಯುವವನು ನೀರಿಗೆ ನೀಲಿ ಬಳಿಯುತ್ತಾನೆ. ಬೇಸಗೆಯ ತಿಳಿನೀರಿನಲ್ಲಿ ಕುಮಾರಧಾರೆಗೆ ಇಳಿದು ಕಾಲಬುಡಕ್ಕೆ ನೋಡಿದರೆ ತಳದ ಕಲ್ಲು ಕಾಣುತ್ತದೆ. ದೂರಕ್ಕೆ ನೋಡಿದರೆ ಆಕಾಶ. ನೋಟ ಓರೆಯಾದಷ್ಟೂ ನೀರು ಕನ್ನಡಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಫ್ರೆನೆಲ್ ಹಾಕಿಕೊಟ್ಟ ಈ ಲೆಕ್ಕ ಇಂದು ತಂತ್ರಾಂಶದೊಳಗೆ ಕೂತಿದೆ. ಹೊಳೆಯನ್ನು ನೋಡಿದವನಿಗೆ ಅದು ಬೇಗ ಅರ್ಥವಾಗುತ್ತದೆ.

ತಂತ್ರಾಂಶ ಉಚಿತವಾದರೂ ಕಂಪ್ಯೂಟರು ಉಚಿತವಲ್ಲ. ಒಂದು ದೃಶ್ಯದ ಬೆಳಕಿನ ಲೆಕ್ಕಕ್ಕೆ ಯಂತ್ರ ಗಂಟೆಗಟ್ಟಲೆ ಹೆಣಗುವುದುಂಟು. ಆಟಿಯ ಮಳೆಗೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಆದರೂ ತಾಳ್ಮೆಯಿದ್ದರೆ ಇವನ್ನೆಲ್ಲ ದಾಟಬಹುದು.

ದಾಟಲು ಕಷ್ಟವಾದದ್ದು ಅಡಿಕೆ ಹಾಳೆಯ ಮುಟ್ಟಾಳೆ. ಚೆಂಬಿನಂತೆ ತಿರುಗಿಸಿ ಮುಗಿಸಲು ಅದಕ್ಕೆ ಅಂಥ ಅಕ್ಷವಿಲ್ಲ. ಹಾಳೆ ಎಲ್ಲಿ ಬಾಗಿತು, ಯಾವ ಮಡಿಕೆ ಯಾವುದರೊಳಗೆ ಹೋಯಿತು ಎಂಬುದನ್ನು ಫೋಟೋ ಹೇಳುವುದಿಲ್ಲ. ಫೋಟೋಕ್ಕೆ ಇರುವುದು ಒಂದೇ ಬದಿ. ಕೈಯಲ್ಲಿ ಹಿಡಿದು ತಿರುಗಿಸಬೇಕು, ಒಳಗೆ ಬೆರಳಾಡಿಸಬೇಕು. ಅಷ್ಟಕ್ಕೂ ತಿಳಿಯದಿದ್ದರೆ ಅದನ್ನು ಮಾಡಬಲ್ಲ ಅಜ್ಜನ ಪಕ್ಕ ಕೂತು, ‘ಅಜ್ಜ, ಈ ಮಡಿಕೆ ಹೇಗೆ?’ ಎಂದು ಕೇಳಬೇಕು.

ಪರದೆಯ ಮೇಲಿನ ಮುಟ್ಟಾಳೆ ಬಿಸಿಲನ್ನು ತಡೆಯದು, ನಿಜ. ತಂತ್ರಾಂಶವನ್ನು ಮುಂದಿನ ವರ್ಷವೂ ಕಲಿಯಬಹುದು. ಆದರೆ ಹಾಳೆ ಮಡಿಚಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಮೊದಲು ಅಲ್ಲಿಗೆ ಹೋಗಿ ಕೂರುವುದು ಒಳ್ಳೆಯದು.