ಬೇಟೆರಾಯನ ನೆರೆಯಲ್ಲಿ

ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ, ಮೈಸೂರು ರಸ್ತೆಯ ಮಗ್ಗುಲಿಗೆ, ದೀಪಾಂಜಲಿ ನಗರವೆಂಬ ಬಡಾವಣೆಯುಂಟು. 2015ರ ನವೆಂಬರಿನಲ್ಲಿ ಮೆಟ್ರೋ ರೈಲು ಇಲ್ಲಿಗೆ ಬಂದ ಬಳಿಕ ಇದರ ಹೆಸರು ಊರಿಗೆಲ್ಲ ಪರಿಚಿತವಾಯಿತು. ಸಂಸ್ಕೃತ ಬಲ್ಲವರ ಕಿವಿಗೆ ಇಂಪಾದ ಹೆಸರು. ಬೊಗಸೆಯಲ್ಲಿ ದೀಪಗಳನ್ನು ಹಿಡಿದಂತೆ ತೋರುವ ಸಮಾಸ. ಆದರೆ ಇದು ಈಚಿನದು. ಇದರ ನೆರೆಯಲ್ಲಿಯೇ ಇರುವ ಹಳೆಯ ಊರಿನ ಹೆಸರು ಬ್ಯಾಟರಾಯನಪುರ. ಗಾಳಿ ಆಂಜನೇಯಸ್ವಾಮಿಯ ದರ್ಶನಕ್ಕೆಂದು ಬರುವ ಭಕ್ತರು ಈ ಹೆಸರನ್ನು ಅಂಗಡಿಗಳ ಹಲಗೆಗಳ ಮೇಲೆ ಓದಿ ಮುಂದೆ ಹೋಗುತ್ತಾರೆ. ಅದರ ಅರ್ಥವೇನೆಂದು ನಿಂತು ಕೇಳುವವರು ವಿರಳ.

ನಮ್ಮ ಸೀಮೆಯ ಹಳ್ಳಿಗಳಲ್ಲಿ ‘ಬೇರೆ’ ಎಂಬುದು ‘ಬ್ಯಾರೆ’ಯಾಗುವುದೂ ‘ಬೇಳೆ’ಯು ‘ಬ್ಯಾಳೆ’ಯಾಗುವುದೂ ವಾಚಕರಿಗೆ ವಿದಿತವೇ ಆಗಿದೆ. ಅದೇ ಕ್ರಮದಲ್ಲಿ ಬೇಟೆಯು ಬ್ಯಾಟೆಯಾಗಿ, ಬೇಟೆರಾಯನು ಬ್ಯಾಟರಾಯನಾಗಿದ್ದಾನೆ. ಬೇಟೆಗೆ ಒಡೆಯನಾದ ಈ ದೇವರು ಮಹಾವಿಷ್ಣುವಿನ ರೂಪ. ಗಡಿಯಾಚೆ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆಯಲ್ಲಿ, ಬೇಟೆರಾಯಸ್ವಾಮಿಯ ಪ್ರಸಿದ್ಧ ದೇವಾಲಯವಿದೆ. ಬೆಂಗಳೂರಿನಲ್ಲಿಯೇ ಯಲಹಂಕದ ಹಾದಿಯಲ್ಲಿ ಮತ್ತೊಂದು ಬ್ಯಾಟರಾಯನಪುರವಿದ್ದು, ಅದರಿಂದ ಆಟೋದವರಿಗೂ ನೆಂಟರಿಷ್ಟರಿಗೂ ಆಗುವ ಗೊಂದಲ ಬೇರೆ. ಇರಲಿ. ಬೇಟೆಯ ಹೆಸರನ್ನು ಹೊತ್ತ ಈ ನೆರೆಯಲ್ಲಿ ಈಗ ಬೇಟೆಯೂ ಇಲ್ಲ, ಕಾಡೂ ಇಲ್ಲ. ವೃಷಭಾವತಿಯು ಕೊಳಚೆಯನ್ನು ಹೊತ್ತು ಕಲ್ಲುಗೋಡೆಗಳ ನಡುವೆ ಹರಿಯುತ್ತಾಳೆ. ಇಂಥಲ್ಲಿ ನಾವು ಬಿಲ್ಲಿನ ವಿಷಯವಾಗಿ ಯೋಚಿಸುವಂತೆ ಮಾಡಿದವನು ನೆರೆಮನೆಯ ಒಬ್ಬ ಹುಡುಗ.

ಹದಿಮೂರು ವರ್ಷದ ಈ ಬಾಲಕನು ಬಿಲ್ವಿದ್ಯೆಯನ್ನು ಕಲಿಯುತ್ತಿದ್ದಾನೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವೊಂದಿದೆ. ಅದರಲ್ಲಿ ಬಿದಿರಿನ ಬಿಲ್ಲನ್ನೇ ಹಿಡಿದು 50 ಮತ್ತು 30 ಮೀಟರುಗಳ ದೂರದ ಗುರಿಗೆ ಹೊಡೆಯತಕ್ಕದ್ದು. ಬೆಲೆ ಕಡಮೆಯಾದುದರಿಂದ ಮಧ್ಯಮ ವರ್ಗದ ಮನೆಯ ಮಕ್ಕಳೂ ಇದನ್ನು ಕಲಿಯಬಲ್ಲರು. ಮಳೆಗಾಲ ಹತ್ತಿದೊಡನೆ ಅಭ್ಯಾಸವು ನಿಂತಿತು. ಹುಡುಗನು ಬಿಲ್ಲನ್ನು ಹೆದೆಯೇರಿಸಿದ ಹಾಗೆಯೇ ಬಾಲ್ಕನಿಯ ಮೂಲೆಗೆ ಒರಗಿಸಿ, ಬತ್ತಳಿಕೆಯನ್ನು ಒಗೆದ ಬಟ್ಟೆ ಹರವುವ ಹಗ್ಗದ ಕೆಳಗೆ ತೂಗುಹಾಕಿ, ಶಾಲೆಯ ಪಾಠಗಳಲ್ಲಿ ಮುಳುಗಿಹೋದನು. ಎರಡು ತಿಂಗಳ ಮೇಲೆ, ಆಯ್ಕೆಯ ಸ್ಪರ್ಧೆಗೆ ಇನ್ನು ಒಂಬತ್ತು ದಿನ ಉಳಿದಿದೆ ಎನ್ನುವಾಗ, ಬಿಲ್ಲನ್ನು ಕೈಗೆ ತೆಗೆದುಕೊಂಡನು. ಬಾಣಗಳೆಲ್ಲ ಗುರಿಯ ಕೆಳಗೆ ಬೀಳತೊಡಗಿದವು. ಹೆದೆಯು ಮುಂಗೈಗೆ ಬಡಿದು ಬಾಸುಂಡೆಯೆದ್ದಿತು. ಹೆದೆಯನ್ನು ಇಳಿಸಿ ನೋಡಿದರೆ ಬಿಲ್ಲು ನೆಟ್ಟಗಾಗದೆ, ಬೆನ್ನು ಬಾಗಿದ ಮುದುಕನಂತೆ, ಬಾಗಿದಂತೆಯೇ ನಿಂತಿತು. ಬಾಣಗಳಲ್ಲಿ ಎರಡು ಸೊಟ್ಟಗಾಗಿದ್ದವು. ಉಳಿದವುಗಳ ಗರಿ ಮುದುರಿ ಅಂಟಿಕೊಂಡಿತ್ತು.

“ತಾತ, ಬಿಲ್ಲು ಸತ್ತೇ ಹೋಯ್ತಾ?” ಎಂದು ಕೇಳಿದನು. ಅವನ ತಾಯಿಯ ಚಿಂತೆಯು ಬೇರೆ ತೆರನಾದದ್ದು: “ಹೊಸದು ಕೊಡಿಸೋಣ ಅಂದ್ರೆ, ಹೊಸ ಬಿಲ್ಲಿಗೆ ಕೈ ಹೊಂದೋಕೆ ಒಂಬತ್ತು ದಿನ ಸಾಕಾಗುತ್ತಾ ಮೇಷ್ಟ್ರೇ?” ನಮಗೆ ಬಿಲ್ಲಿನ ಪರಿಚಯವು ಗ್ರಂಥಗಳ ಮೂಲಕ ಆದುದು. ಆದಾಗ್ಯೂ ಆ ದಿನ ಹುಡುಗನನ್ನು ಜಗುಲಿಯಲ್ಲಿ ಕೂಡಿಸಿಕೊಂಡು ವಿರಾಟಪರ್ವದ ಕಥೆಯನ್ನು ಹೇಳಿದೆವು.

ಪಾಂಡವರು ಅಜ್ಞಾತವಾಸಕ್ಕೆ ಹೊರಟು, ವಿರಾಟನಗರದ ಹೊರಗೆ ಸ್ಮಶಾನದ ಬಳಿಯ ಶಮೀವೃಕ್ಷದಲ್ಲಿ ಆಯುಧಗಳನ್ನು ಬಚ್ಚಿಟ್ಟರೆಂಬುದು ಎಲ್ಲರೂ ಬಲ್ಲ ಸಂಗತಿ. ವಿಜಯದಶಮಿಯ ದಿನ ಬನ್ನಿಯನ್ನು ಹಂಚುವಾಗ ಮನೆಯ ಹಿರಿಯರು ಇದನ್ನು ಹೇಳದೆ ಬಿಡರು. ಆದರೆ ವ್ಯಾಸರ ಭಾರತದಲ್ಲಿ ಎರಡು ಸಣ್ಣ ವಿವರಗಳಿವೆ. ಹರಿಕಥೆಯವರು ಇವನ್ನು ಹೇಳಿದುದನ್ನು ನಾವು ಕೇಳಿಲ್ಲ. ಮರದ ಮೇಲಿಡುವ ಮೊದಲು ಸೋದರರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬಿಲ್ಲಿನ ಹೆದೆಯನ್ನು ಇಳಿಸಿದರು. ಅನಂತರ ಮರವನ್ನೇರಿದ ನಕುಲನು ಮಳೆಯ ನೀರು ತಾಗಲಾರದಂಥ ಎಡೆಗಳನ್ನು ಹುಡುಕಿ, ಮುರಿಯದಂಥ ಕೊಂಬೆಗಳಿಗೆ ಅವನ್ನು ಹಗ್ಗದಿಂದ ಬಿಗಿದನು. ಶವವನ್ನು ಕಟ್ಟಿ ಜನರನ್ನು ಹೆದರಿಸಿದ ಉಪಾಯವನ್ನು ಎಲ್ಲರೂ ಮೆಚ್ಚುತ್ತಾರೆ. ನಮಗೆ ಅದಕ್ಕಿಂತ ಮಿಗಿಲಾಗಿ ಮೆಚ್ಚಿಕೆಯಾಗುವುದು ನಕುಲನು ಮಳೆಯ ಇಳಿಜಾಡನ್ನು ನೋಡಿದ ಎಚ್ಚರ. ಗಾಂಡೀವವಾದರೂ ಒಂದು ವರ್ಷ ಹೆದೆಯೇರಿಸಿಕೊಂಡು ಮಳೆಯಲ್ಲಿ ನಿಂತಿದ್ದರೆ ಉತ್ತರಗೋಗ್ರಹಣದ ದಿನ ಏನಾಗುತ್ತಿತ್ತೋ!

ಇದರ ಕಾರಣವು ಸರಳವಾದುದು. ಬಿಲ್ಲನ್ನು ಬಾಗಿಸಿದಾಗ ಅದರ ಹೊರಮೈಯ ಎಳೆಗಳು ಹಿಗ್ಗುತ್ತವೆ, ಒಳಮೈಯವು ಒತ್ತಿಹೋಗುತ್ತವೆ. ಹೊಡೆದು ಇಳಿಸಿಟ್ಟರೆ ಎಳೆಗಳು ಮತ್ತೆ ತಮ್ಮ ನೆಲೆಗೆ ಬರುತ್ತವೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ, ಅದರಲ್ಲಿಯೂ ತೇವದ ಗಾಳಿಯಲ್ಲಿ ಬಿಟ್ಟರೆ, ಒತ್ತಿದ ಎಳೆಗಳು ಒತ್ತಿದಂತೆಯೇ ನಿಂತು ಬಿಲ್ಲಿನ ಕಸುವು ಇಳಿಯುತ್ತದೆ. ಹೆದೆಯೂ ಜಗ್ಗಿ ಬಿಲ್ಲಿನ ಹಿಡಿಕೆಗೆ ಸಮೀಪವಾಗುತ್ತದೆ. ಆಗಲೇ ಅದು ಮುಂಗೈಗೆ ಬಡಿಯುವುದು.

ಕೌಟಿಲ್ಯನು ಆಯುಧಾಗಾರದ ಅಧ್ಯಕ್ಷನ ಕರ್ತವ್ಯವನ್ನು ವಿವರಿಸುವಾಗ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ಆಯುಧಗಳನ್ನು ಆಗಾಗ ಸ್ಥಳ ಬದಲಾಯಿಸಬೇಕು, ಬಿಸಿಲಿಗೂ ಗಾಳಿಗೂ ಹರವಬೇಕು. ಕಾವು, ತೇವ, ಹುಳು ಈ ಮೂರರಿಂದ ಕೆಡುವಂಥವನ್ನು ಬೇರೆ ಕಡೆ ಇರಿಸಬೇಕು ಎಂಬುದು ಅವನ ವಿಧಿ. ಈ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಎಂಬುದನ್ನು ಮೈಸೂರು ರಸ್ತೆಯವರಾದ ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಅದೇ ಪ್ರಕರಣದಲ್ಲಿ ಹೆದೆಗೆ ಯೋಗ್ಯವಾದ ವಸ್ತುಗಳ ಪಟ್ಟಿಯಿದೆ: ಮೂರ್ವಾ, ಎಕ್ಕ, ಸಣಬು, ಬಿದಿರು, ಪ್ರಾಣಿಗಳ ನರ ಮೊದಲಾದವು. ಎಕ್ಕದ ಗಿಡವು ವೃಷಭಾವತಿಯ ದಂಡೆಯ ಬರಡಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತದೆ. ರಥಸಪ್ತಮಿಯಂದು ಎಲೆಗೆ ಬರುವವರುಂಟು, ನಾರಿಗೆ ಬರುವವರಿಲ್ಲ. ಮೂರ್ವೆಯೆಂದರೆ ಯಾವ ಗಿಡವೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಉದ್ದವಾದ ಕತ್ತಿಯಂಥ ಎಲೆಗಳುಳ್ಳ ಒಂದು ನಾರಿನ ಸಸ್ಯವೆಂದು ಹಲವರ ಮತ. ಅದರ ಹತ್ತಿರದ ಬಳಗಕ್ಕೆ ಸೇರಿದ ಗಿಡವು ಇಂದು ‘ಸ್ನೇಕ್ ಪ್ಲಾಂಟ್’ ಎಂಬ ಹೆಸರಿನಲ್ಲಿ ನಮ್ಮ ಬಡಾವಣೆಯ ಬಾಲ್ಕನಿಗಳ ಕುಂಡಗಳಲ್ಲೆಲ್ಲ ಕಾಣುತ್ತದೆ. ಹುಡುಗನ ಬಿಲ್ಲು ಒರಗಿದ್ದುದು ಅಂಥದೇ ಒಂದು ಕುಂಡಕ್ಕೆ.

ಹುಳುವಿನ ವಿಷಯದಲ್ಲಿ ಶತಪಥಬ್ರಾಹ್ಮಣದ ಕಥೆಯನ್ನು ಹೇಳದಿರಲಾಗದು. ವಿಷ್ಣುವು ಹೆದೆಯೇರಿಸಿದ ಬಿಲ್ಲಿನ ತುದಿಗೆ ತಲೆಯನ್ನು ಊರಿ ನಿಂತಿರಲು, ಗೆದ್ದಲುಗಳು ಹೆದೆಯನ್ನು ಕಡಿದವು. ಬಿಲ್ಲಿನ ಕೊಪ್ಪುಗಳು ಥಟ್ಟನೆ ಸಿಡಿದು ಅವನ ತಲೆಯನ್ನೇ ಹಾರಿಸಿದವು. ಇದರ ಯಜ್ಞಪರವಾದ ಅರ್ಥವು ಏನೇ ಇರಲಿ, ಬಿಲ್ಲನ್ನು ಬಳಸಿ ಬಲ್ಲವರು ಹೇಳಿದ ಕಥೆಯೆಂಬುದರಲ್ಲಿ ನಮಗೆ ಸಂಶಯವಿಲ್ಲ. ಕರ್ಣಪರ್ವದಲ್ಲಿ ಅರ್ಜುನನಿಗೂ ಇಂಥ ಗಳಿಗೆ ಒದಗಿತು; ಅತಿಯಾಗಿ ಸೆಳೆದ ಗಾಂಡೀವದ ಹೆದೆಯು ದೊಡ್ಡ ಸದ್ದಿನೊಡನೆ ಹರಿಯಿತು, ಕರ್ಣನು ಆ ಸಂದನ್ನು ಕಳೆದುಕೊಳ್ಳಲಿಲ್ಲ. ಇತಿಹಾಸದಲ್ಲಿಯೂ ಉದಾಹರಣೆಗಳುಂಟು. ಕ್ರಿಸ್ತಪೂರ್ವ 326ರಲ್ಲಿ ಪುರೂರವನು, ಗ್ರೀಕರ ಬಾಯಲ್ಲಿ ಪೋರಸನು, ಅಲೆಕ್ಸಾಂಡರನನ್ನು ಎದುರಿಸಿದಾಗ ಹಿಂದಿನ ರಾತ್ರಿ ಬಿರುಮಳೆಯಾಗಿತ್ತು. ನಮ್ಮವರ ಬಿಲ್ಲು ಆಳೆತ್ತರದ್ದು. ಅಗ್ನಿಪುರಾಣದ ಧನುರ್ವೇದವೂ ನಾಲ್ಕು ಮೊಳದ ಬಿಲ್ಲನ್ನೇ ಉತ್ತಮವೆನ್ನುತ್ತದೆ. ಅಂಥದನ್ನು ನೆಲಕ್ಕೆ ಊರಿ ಸೆಳೆಯಬೇಕು. ಕೆಸರಿನಲ್ಲಿ ಅದು ಜಾರಿತೆಂದು ರೋಮನ್ ಇತಿಹಾಸಕಾರನಾದ ಕರ್ಟಿಯಸನು ಬರೆದಿರುವನು.

ಮಳೆಯ ಮಾತಿನಿಂದ ಬೇಟೆಯ ಕಾಲದ ಮಾತಿಗೆ ಬರೋಣ. ಕೊಡಗಿನಲ್ಲಿ ಸೆಪ್ಟೆಂಬರ್ ತಿಂಗಳ ಆದಿಯಲ್ಲಿ ಕೈಲ್‌ಪೊಳ್ದ್ ಎಂಬ ಹಬ್ಬವು ನಡೆಯುತ್ತದೆ. ‘ಕೈಲ್’ ಎಂದರೆ ಆಯುಧ, ‘ಪೊಳ್ದ್’ ಎಂದರೆ ಹಬ್ಬ. ಕಕ್ಕಡ ಮಾಸದ ಜಡಿಮಳೆಯಲ್ಲಿ ಮನೆಯವರೆಲ್ಲ ನಾಟಿಯ ಗದ್ದೆಯಲ್ಲಿರುವರು. ಬೇಟೆಗೆ ಬಿಡುವು, ಆಯುಧಗಳಿಗೆ ದೇವರ ಕೋಣೆಯಲ್ಲಿ ವಾಸ. ನಾಟಿ ಮುಗಿದು ಹಂದಿಗಳು ಗದ್ದೆಗೆ ನುಗ್ಗುವ ಕಾಲಕ್ಕೆ ಅವನ್ನು ಹೊರತೆಗೆದು, ಒರೆಸಿ, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುವರು. ಈಗ ಅಲ್ಲಿ ಕೋವಿಗೆ ಅಗ್ರಪೂಜೆಯಾದರೂ ಮೊದಲು ಬಿಲ್ಲಿಗೆ ಇದ್ದ ಮನ್ನಣೆಯ ಗುರುತು ಇನ್ನೊಂದು ಆಚಾರದಲ್ಲಿ ಉಳಿದುಬಂದಿತು: ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲುಬಾಣವನ್ನು ಅದರ ಕೈಗೆ ತಾಗಿಸುತ್ತಿದ್ದರು. ಹಬ್ಬವನ್ನು ನಾವು ದೈವಭಕ್ತಿಯೆಂದು ಮಾತ್ರ ತಿಳಿಯುವುದು ಸಾಲದು. ಮಳೆಗಾಲ ಕಳೆದ ಆಯುಧವನ್ನು ಬೇಟೆಯ ದಿನವಲ್ಲ, ಅದಕ್ಕೆ ಮುಂಚೆಯೇ ಕೈಯಲ್ಲಿ ಹಿಡಿದು ಪರೀಕ್ಷಿಸುವಂತೆ ಮನೆಮನೆಯನ್ನೂ ಕಟ್ಟುಮಾಡಿದ ಪದ್ಧತಿ ಇದು. ಅಮೆರಿಕದಲ್ಲಿ ಈಗಲೂ ಅನುಮತಿಪತ್ರ ಪಡೆದು ಶರತ್ಕಾಲದಲ್ಲಿ ಬಿಲ್ಲಿನಿಂದ ಜಿಂಕೆಯನ್ನು ಬೇಟೆಯಾಡುವವರಿದ್ದಾರೆ. ರಾಟೆಗಳುಳ್ಳ ಅವರ ಕಾಂಪೌಂಡ್ ಬಿಲ್ಲಿಗೂ ಬಿಸಿಲಲ್ಲಿ ನಿಂತ ಮೋಟಾರಿನ ಕಾವು ಶತ್ರು. ಇಂಗಾಲದ ನೂಲಿನ ಬಾಣದಲ್ಲಿ ಕಾಣದ ಬಿರುಕಿದ್ದರೆ ಬಿಡುವಾಗಲೇ ಸಿಡಿದು ಕೈಯನ್ನು ಸೀಳಬಲ್ಲದು. ಅವರಿಗೆ ಕೈಲ್‌ಪೊಳ್ದ್ ಇಲ್ಲದಿರುವುದು ಒಂದು ಕೊರತೆಯೇ ಸರಿ.

ನಮ್ಮಲ್ಲಿ ಬೇಟೆಯು ನಿಂತುದು ನ್ಯಾಯವಾಗಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರಲ್ಲಿ ಅದಕ್ಕೆ ಆದ ತಿದ್ದುಪಡಿಯೂ ಇಲ್ಲದಿದ್ದರೆ ಬಂಡೀಪುರದಲ್ಲಿ ಇಂದು ನೋಡಲು ಏನು ಉಳಿಯುತ್ತಿತ್ತು? ಆದರೆ ಬೇಟೆಗಾರರ ಕೈಯಿಂದ ಆಯುಧವು ಜಾರಿದುದು ಒಂದೇ ದಿನದಲ್ಲಲ್ಲ, ಯಾವಾಗಲೂ ಮೃಗಗಳ ಮೇಲಿನ ಕರುಣೆಯಿಂದಲೂ ಅಲ್ಲ. 1857ರಲ್ಲಿ ಆಂಗ್ಲರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಾಗ, ಆಗಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ನಿಂತರು. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಉಪ್ಪರಿಗೆಯ ಮನೆಯಲ್ಲಿ ಕುಳಿತು ನೋಡುವವರಿಗೆ ಬಿಲ್ಲು ಒಂದು ಆಟದ ಸಾಮಾನು. ಅವರಿಗೆ ಅದು ಅನ್ನವೂ ಮಾನವೂ ಆಗಿತ್ತು.

ಹುಡುಗನ ಕಥೆಯ ಉಳಿದ ಭಾಗವು ಚಿಕ್ಕದು. ಅವನ ಗುರುಗಳು ಹೆದೆಗೆ ಹತ್ತಾರು ಹುರಿ ಹೆಚ್ಚಿಸಿ ಅದನ್ನು ಗಿಡ್ಡ ಮಾಡಿದರು. ಸೊಟ್ಟ ಬಾಣಗಳನ್ನು ಕೆಂಡದ ಮೇಲೆ ಹದವಾಗಿ ಕಾಯಿಸಿ ತಿದ್ದಿದರು. ಮುದುರಿದ ಗರಿಗಳನ್ನು ಅವನ ತಾಯಿಯೇ ಇಡ್ಲಿಯ ಪಾತ್ರೆಯ ಹಬೆಗೆ ಹಿಡಿದು ಎಬ್ಬಿಸಿದಳು. ಕುಂದಿದ ಕಸುವು ಮಾತ್ರ ಮರಳಿ ಬರಲಿಲ್ಲ. 30 ಮೀಟರಿನಲ್ಲಿ ಚೆನ್ನಾಗಿ ಹೊಡೆದನು, 50ರಲ್ಲಿ ಸೋತನು; ಮೂರು ಅಂಕಗಳು ಸಾಲದೆ ಆಯ್ಕೆಯು ತಪ್ಪಿತು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ. ಈಗ ಅವನ ಬಿಲ್ಲು ಹೆದೆಯಿಳಿಸಿಕೊಂಡು ನಡುಮನೆಯ ಗೋಡೆಯಲ್ಲಿ, ಅಡಿಗೆಮನೆಯ ಕಾವಿಗೂ ಕಿಟಕಿಯ ಎರಚಲಿಗೂ ದೂರವಾಗಿ, ಎರಡು ಮೊಳೆಗಳ ಮೇಲೆ ಮಲಗಿದೆ. ಆ ಮೊಳೆಗಳನ್ನು ಹೊಡೆದವನು ಅವನೇ.

ಈ ಬೀದಿಗಳಲ್ಲಿ ಬಿಲ್ಲಿನ ಟಂಕಾರವು ಕೇಳುತ್ತಿದ್ದುದು ಇನ್ನೊಬ್ಬನಿಂದ. ಅವನು ಹತ್ತಿ ಹಿಂಜುವ ಪಿಂಜಾರ. ಹಾಸಿಗೆ ದಿಂಬುಗಳ ಅರಳೆಯನ್ನು ಹಿಂಜಲು ಆಳುದ್ದದ ಬಿಲ್ಲನ್ನು ಹೆಗಲಿಗೇರಿಸಿ, ಬೆರಳಿನಿಂದ ಹೆದೆಯನ್ನು ಮಿಡಿಯುತ್ತ ಬರುತ್ತಿದ್ದನು. ಆ ಸದ್ದೇ ಅವನ ಕೂಗು. ಹೆದೆಯು ನರದ್ದು, ತೇವಕ್ಕೆ ಸಡಿಲವಾಗತಕ್ಕದ್ದು. ಆದುದರಿಂದ ಮಳೆಯ ದಿನಗಳಲ್ಲಿ ಅವನು ಬರುತ್ತಿರಲಿಲ್ಲ, ಬಂದರೂ ಕೆಲಸ ಹಿಡಿಯುತ್ತಿರಲಿಲ್ಲ. ಯಂತ್ರದಲ್ಲಿ ಹಿಂಜುವ ಅಂಗಡಿಗಳು ಬಂದ ಮೇಲೆ ಅವನು ಅಪರೂಪವಾದನು. ಹಿಂದಿನ ಕಾರ್ತಿಕದಲ್ಲಿ ಬ್ಯಾಟರಾಯನಪುರದ ಕಡೆಯಿಂದ ಒಬ್ಬನು ಬಂದಿದ್ದನು. ಮೋಡ ಮುಚ್ಚಿದ ದಿನ. ಬಿಲ್ಲನ್ನು ನಮ್ಮ ಗೇಟಿಗೆ ಒರಗಿಸಿ, ಹೆದೆಯನ್ನು ಒಮ್ಮೆ ಮಿಡಿದು ಕಿವಿಗೊಟ್ಟು ಕೇಳಿ, “ಇವತ್ತು ಬ್ಯಾಡಿ ಸ್ವಾಮಿ, ಬಿಸಿಲು ಬರ್ಲಿ” ಎಂದು ಹೇಳಿ, ನೀರು ಕುಡಿದು ಹೊರಟುಹೋದನು.